ಜಾರ್ಜ್ ಜೋನ್ಸ್ ಕಂಠದಲ್ಲಿದ್ದ ಮೂವರು

ಅಮೆರಿಕದ ಹಳ್ಳಿಗಾಡಿನಿಂದ ಬೆಳೆದು ಬಂದ ಕಂಟ್ರಿ ಸಂಗೀತದ ಚರ್ಚೆಯಲ್ಲಿ ಗಾಯಕ ಜಾರ್ಜ್ ಜೋನ್ಸ್ ಹೆಸರು ಬಂದರೆ ಸಾಕು, ಅವರ ಹಾಡಿಗಿಂತ ಮೊದಲು ಕುಡಿತದ ಕಥೆಗಳು ಶುರುವಾಗುತ್ತವೆ. ಹೆಂಡತಿ ಕಾರಿನ ಕೀಲಿಗಳನ್ನೆಲ್ಲ ಬಚ್ಚಿಟ್ಟಾಗ ಹುಲ್ಲು ಕತ್ತರಿಸುವ ಯಂತ್ರವನ್ನೇರಿ ಹೆಂಡದಂಗಡಿಗೆ ಹೊರಟದ್ದು, ಟಿಕೆಟ್ ಮಾರಾಟವಾದ ಕಛೇರಿಗಳಿಗೆ ಬಾರದೆ ‘ನೋ ಶೋ ಜೋನ್ಸ್’ ಎಂಬ ಅಡ್ಡಹೆಸರು ಗಳಿಸಿದ್ದು, ನಾಲ್ಕು ಮದುವೆ, ಮೂರು ವಿಚ್ಛೇದನ. ಇವೆಲ್ಲ ನಡೆದದ್ದೇ. ಆದರೆ ಇವುಗಳ ಬೆನ್ನಿಗೇ ಒಂದು ತೀರ್ಮಾನವೂ ಬಂದುಬಿಡುತ್ತದೆ: ಬದುಕು ಒಡೆದಿತ್ತು, ಹಾಗಾಗಿ ಹಾಡಿಗೆ ದುಃಖ ತಾನಾಗಿಯೇ ಇಳಿಯಿತು ಎಂದು. ಇದನ್ನು ನಾನು ಒಪ್ಪುವುದಿಲ್ಲ. ಕುಡಿದು ಸಂಸಾರ ಹಾಳುಮಾಡಿಕೊಂಡವರು ಲೋಕದಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ. ಅವರಲ್ಲಿ ಯಾರೂ ಜೋನ್ಸ್ ಹಾಗೆ ಹಾಡಲಿಲ್ಲ. ಆ ದುಃಖ ಜೋನ್ಸ್ ಕಿವಿಯಿಟ್ಟು ಕಲಿತ ವಿದ್ಯೆ. ಕಲಿಸಿದವರು ಮುಖ್ಯವಾಗಿ ಮೂವರು: ರಾಯ್ ಎಕಫ್, ಹ್ಯಾಂಕ್ ವಿಲಿಯಮ್ಸ್, ಲೆಫ್ಟಿ ಫ್ರಿಜೆಲ್. ಈ ಮೂವರಿಂದ ಅವರು ಏನನ್ನು ತೆಗೆದುಕೊಂಡರು ಎಂಬುದು ತಿಳಿದರೆ ಕಂಟ್ರಿ ಸಂಗೀತ ಮುರಿದ ಪ್ರೇಮವನ್ನು ಇಷ್ಟೊಂದು ಹಾಡುವುದೇಕೆ ಎಂಬುದೂ ಅರ್ಧ ತಿಳಿದಂತೆ.

ಜೋನ್ಸ್ ಹುಟ್ಟಿದ್ದು 1931ರ ಸೆಪ್ಟೆಂಬರ್ 12ರಂದು, ಪೂರ್ವ ಟೆಕ್ಸಸ್‌ನ ಸಾರಟೋಗ ಎಂಬ ಪುಟ್ಟ ಊರಿನಲ್ಲಿ. ಬಿಗ್ ಥಿಕೆಟ್ ಎಂದು ಕರೆಯುವ ದಟ್ಟ ಕಾಡಿನ ಸೀಮೆ ಅದು. ತಾಯಿ ಕ್ಲಾರಾ ಚರ್ಚಿನಲ್ಲಿ ಪಿಯಾನೊ ನುಡಿಸುತ್ತಿದ್ದ ದೈವಭಕ್ತೆ. ತಂದೆ ದುಡಿಮೆಗಾರ, ಮೌತ್ ಆರ್ಗನ್ ಮತ್ತು ಗಿಟಾರ್ ಬಲ್ಲವರು. ಹಿರಿಯ ಮಗಳು ಎಥೆಲ್ ಎಳವೆಯಲ್ಲೇ ಜ್ವರದಿಂದ ತೀರಿಕೊಂಡ ಮೇಲೆ ಅವರು ಕುಡಿತಕ್ಕೆ ಬಿದ್ದರು. ನಡುರಾತ್ರಿ ಅಮಲಿನಲ್ಲಿ ಮನೆಗೆ ಬಂದು, ಮಲಗಿದ್ದ ಮಗನನ್ನು ಎಬ್ಬಿಸಿ ಹಾಡು ಎನ್ನುತ್ತಿದ್ದರು. ಹಾಡದಿದ್ದರೆ ಏಟು ಬೀಳುತ್ತಿತ್ತು. ಜೋನ್ಸ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಒಂಬತ್ತನೆಯ ವಯಸ್ಸಿನಲ್ಲಿ ಮೊದಲ ಗಿಟಾರ್ ಕೊಡಿಸಿದ್ದೂ ಅದೇ ತಂದೆ. ಸ್ವಲ್ಪ ದೊಡ್ಡವನಾದ ಹುಡುಗ ಬೋಮಾಂಟ್ ಪಟ್ಟಣದ ಬೀದಿಬದಿಯಲ್ಲಿ ಆ ಗಿಟಾರ್ ಹಿಡಿದು ಹಾಡಿ, ದಾರಿಹೋಕರು ಹಾಕಿದ ಚಿಲ್ಲರೆಯನ್ನು ಆಯ್ದುಕೊಳ್ಳುತ್ತಿದ್ದ.

ಅದಕ್ಕೂ ಮೊದಲು ಮನೆಗೆ ರೇಡಿಯೊ ಬಂದಿತ್ತು. ಆಗ ಹುಡುಗನಿಗೆ ಏಳು ವರ್ಷ. ನ್ಯಾಶ್‌ವಿಲ್‌ನ ಡಬ್ಲ್ಯು.ಎಸ್.ಎಂ. ಕೇಂದ್ರ 1925ರಿಂದ ಶನಿವಾರ ರಾತ್ರಿಗಳಲ್ಲಿ ಹಳ್ಳಿಗಾಡಿನ ಸಂಗೀತ ಬಿತ್ತರಿಸುತ್ತಿತ್ತು. ‘ಗ್ರ್ಯಾಂಡ್ ಓಲ್ ಓಪ್ರಿ’ ಎಂದು ಹೆಸರಾದ ಕಾರ್ಯಕ್ರಮ ಅದೇ. 1932ರಲ್ಲಿ ಕೇಂದ್ರದ ಶಕ್ತಿ 50,000 ವಾಟ್‌ಗೆ ಏರಿತು. ರಾತ್ರಿ ಹೊತ್ತು ಅದು ಹಲವು ರಾಜ್ಯಗಳಾಚೆಗೂ ಕೇಳಿಸುತ್ತಿತ್ತು. ಜೋನ್ಸ್ ಅಪ್ಪ ಅಮ್ಮನ ನಡುವೆ ಮಲಗಿ ಕೇಳುತ್ತಿದ್ದರು. ನಿದ್ದೆ ಬಂದುಬಿಟ್ಟರೆ, ರಾಯ್ ಎಕಫ್ ಅಥವಾ ಬಿಲ್ ಮನ್ರೊ ಹಾಡುವಾಗ ಎಬ್ಬಿಸಬೇಕೆಂದು ತಾಯಿಗೆ ಮೊದಲೇ ಹೇಳಿಟ್ಟಿರುತ್ತಿದ್ದರು. ಹೊಡೆತಕ್ಕೆ ಹೆದರಿ ಏಳುತ್ತಿದ್ದ ಹುಡುಗನೇ ಹಾಡು ಕೇಳಲು ಎಬ್ಬಿಸೆಂದು ಬೇಡುತ್ತಿದ್ದ ಎಂಬುದನ್ನು ಅವರ ಜೀವನಚರಿತ್ರೆ ಬರೆಯುವವರು ಇನ್ನಷ್ಟು ಗಮನಿಸಬೇಕಿತ್ತು.

ಎಕಫ್ ಟೆನೆಸಿ ರಾಜ್ಯದ ಪೂರ್ವಭಾಗದ ಗುಡ್ಡಗಾಡಿನವರು. 1938ರಲ್ಲಿ ಓಪ್ರಿಗೆ ಬಂದು ಅದರ ದೊಡ್ಡ ತಾರೆಯಾದರು. ಮೈಕ್ ಇಲ್ಲದ ಕಾಲದ ಹಾಡುಗಾರಿಕೆ ಅವರದು: ಗಂಟಲು ತೆರೆದು, ಗಟ್ಟಿಯಾಗಿ, ಗುಡ್ಡದ ಚರ್ಚುಗಳಲ್ಲಿ ಹಾಡುವ ಧಾಟಿಯಲ್ಲಿ. ದುಃಖದ ಹಾಡು ಹಾಡುವಾಗ ವೇದಿಕೆಯ ಮೇಲೆಯೇ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಜೋನ್ಸ್ ಅವರಿಂದ ಪಡೆದದ್ದು ಸಂಕೋಚವಿಲ್ಲದಿರುವಿಕೆ. ಗಂಡಸು ಸಭೆಯ ಮುಂದೆ ನಿಂತು ತನ್ನ ಸಂಕಟವನ್ನು ಪೂರ್ತಿ ಕಂಠದಲ್ಲಿ ಹಾಡಬಹುದು, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ ಎಂಬ ಧೈರ್ಯ.

ಎರಡನೆಯವರು ಹ್ಯಾಂಕ್ ವಿಲಿಯಮ್ಸ್. ಅಲಬಾಮದಲ್ಲಿ 1923ರಲ್ಲಿ ಹುಟ್ಟಿದ ಇವರೂ ಎಕಫ್ ಅವರನ್ನು ಮೆಚ್ಚಿ ಬೆಳೆದವರೇ. ಆದರೆ ಇವರಿಗೆ ಇನ್ನೊಬ್ಬ ಗುರು ಇದ್ದರು: ರೂಫಸ್ ಪೇನ್ ಎಂಬ ಕಪ್ಪುವರ್ಣೀಯ ಬೀದಿ ಗಾಯಕ, ಊರವರ ಬಾಯಲ್ಲಿ ‘ಟೀ ಟಾಟ್’. ಬಿಳಿಯರ ಸಂಗೀತವೆಂದು ಮಾರಾಟವಾದ ಕಂಟ್ರಿಯ ಒಳಗೆ ಕಪ್ಪುಜನರ ಬ್ಲೂಸ್ ಹೀಗೆ ಮೊದಲಿನಿಂದಲೂ ಇದೆ. ಬಹುಕಾಲ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿಲ್ಲ. ಹ್ಯಾಂಕ್ ಹಾಡುಗಳಲ್ಲಿ ಅಲಂಕಾರವೇ ಇಲ್ಲ. ಒಂಟಿತನವೆಂದರೆ ಒಂಟಿತನ. ಶಾಲೆಯ ಮೆಟ್ಟಿಲು ಹತ್ತದವನಿಗೂ ಮೊದಲ ಸಲಕ್ಕೇ ತಿಳಿಯುವ ಮಾತು, ಕೇಳಿದವನ ಎದೆಗೆ ನೇರವಾಗಿ ತಾಗುವ ಮಟ್ಟು.

1949ರಲ್ಲಿ ಹ್ಯಾಂಕ್ ಬೋಮಾಂಟ್‌ನ ಕೆ.ಆರ್.ಐ.ಸಿ. ರೇಡಿಯೊ ಕೇಂದ್ರಕ್ಕೆ ಬಂದರು. ಅಲ್ಲಿ ಹಾಡುತ್ತಿದ್ದ ತಂಡದಲ್ಲಿ ಹದಿನೇಳರ ಜೋನ್ಸ್ ಗಿಟಾರ್ ನುಡಿಸುತ್ತಿದ್ದರು. ಹ್ಯಾಂಕ್ ಹಾಡಲು ನಿಂತರು, ಇವರು ಜೊತೆಗೆ ನುಡಿಸಬೇಕಿತ್ತು. ಎವೆಯಿಕ್ಕದೆ ನೋಡುತ್ತ ನಿಂತುಬಿಟ್ಟೆ ಎಂದು ಮುಂದೆ ಜೋನ್ಸ್ ನೆನೆಸಿಕೊಂಡರು. 1953ರ ಜನವರಿ 1ರಂದು ಓಹಾಯೊದ ಕಾರ್ಯಕ್ರಮಕ್ಕೆ ಹೊರಟಿದ್ದ ಹ್ಯಾಂಕ್ ಕಾರಿನ ಹಿಂದಿನ ಸೀಟಿನಲ್ಲೇ ಕೊನೆಯುಸಿರೆಳೆದಾಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಜೋನ್ಸ್ ಆಗ ನೌಕಾ ಪದಾತಿ ದಳದಲ್ಲಿದ್ದು ಕ್ಯಾಲಿಫೋರ್ನಿಯಾದಲ್ಲಿದ್ದರು. ಸುದ್ದಿ ತಿಳಿದು ಬ್ಯಾರಕ್ಕಿನ ಮಂಚದ ಮೇಲೆ ಬಿದ್ದು ಅತ್ತರು. ಮುಂದೆ ಹ್ಯಾಂಕ್ ಹಾಡುಗಳನ್ನೇ ಹಾಡಿ ಧ್ವನಿಮುದ್ರಿಕೆಗಳನ್ನು ಹೊರತಂದರು.

ಮೂರನೆಯವರ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ, ಆದರೆ ನನ್ನ ಎಣಿಕೆಯಲ್ಲಿ ಜೋನ್ಸ್ ಶೈಲಿಗೆ ಅತ್ಯಂತ ಹತ್ತಿರದವರು ಅವರೇ. ಲೆಫ್ಟಿ ಫ್ರಿಜೆಲ್ 1928ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದವರು. 1951ರಲ್ಲಿ ಒಂದೇ ಸಮಯಕ್ಕೆ ಅವರ ನಾಲ್ಕು ಹಾಡುಗಳು ಜನಪ್ರಿಯತೆಯ ಮೊದಲ ಹತ್ತರ ಪಟ್ಟಿಯಲ್ಲಿದ್ದವು. ಅವರಿಗಿಂತ ಮೊದಲಿನ ಗಾಯಕರು ಒಂದು ಅಕ್ಷರಕ್ಕೆ ಒಂದು ಸ್ವರ ಇಟ್ಟು ಮುಂದೆ ಹೋಗುತ್ತಿದ್ದರು. ಲೆಫ್ಟಿ ಹಾಗಲ್ಲ. ಒಂದು ಸ್ವರಾಕ್ಷರವನ್ನು ಹಿಡಿದರೆ ಅದನ್ನು ಎರಡು ಮೂರು ಸ್ವರಗಳ ಮೇಲೆ ಜಾರಿಸಿ, ಬಗ್ಗಿಸಿ, ಬಿಡಲು ಮನಸ್ಸಿಲ್ಲದವರಂತೆ ತಡೆದು ನಿಲ್ಲುತ್ತಿದ್ದರು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ಥಟ್ಟನೆ ತಿಳಿಯುತ್ತದೆ, ಏಕೆಂದರೆ ನಾವು ಜಾರು ಎನ್ನುವ ಗಮಕಕ್ಕೆ ಇದು ಬಹಳ ಸಮೀಪ. ಕಂಟ್ರಿ ಕೇಳುಗರ ಕಿವಿಗೆ ಮಾತ್ರ ಅದು ಹೊಸದು. ಮಾತನಾಡುವಷ್ಟೇ ಮೆಲ್ಲನೆ ಹಾಡಿಯೂ ಪದದ ಒಳಗೆ ಇಷ್ಟು ನೋವು ತುಂಬಬಹುದೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

1954ರಲ್ಲಿ ಜೋನ್ಸ್ ಬೋಮಾಂಟ್‌ನ ಸ್ಟಾರ್‌ಡೇ ಎಂಬ ಹೊಸ ಕಂಪನಿಗೆ ಮೊದಲ ಹಾಡುಗಳನ್ನು ಮುದ್ರಿಸಿದರು. ಸ್ಟುಡಿಯೊ ಎಂದರೆ ಪಾಲುದಾರರೊಬ್ಬರ ಮನೆಯ ಕೋಣೆ. ಗೋಡೆಗೆ ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಹೊಡೆದಿದ್ದರು. ಪಕ್ಕದ ಹೆದ್ದಾರಿಯಲ್ಲಿ ಲಾರಿ ಹೋದರೆ ಹಾಡು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಜೋನ್ಸ್ ಒಂದಾದ ಮೇಲೊಂದು ಹಾಡುತ್ತ ಹೋದರು. ನಿರ್ಮಾಪಕ ಪ್ಯಾಪಿ ಡೇಲಿ ಕೊನೆಗೆ ಹೇಳಿದ ಮಾತು ಕಂಟ್ರಿ ಲೋಕದಲ್ಲಿ ಪ್ರಸಿದ್ಧ: ಎಕಫ್ ಹಾಗೆ ಹಾಡಿದ್ದಾಯಿತು, ಹ್ಯಾಂಕ್ ಹಾಗೆ, ಲೆಫ್ಟಿ ಹಾಗೆ ಹಾಡಿದ್ದೂ ಆಯಿತು, ಜಾರ್ಜ್ ಜೋನ್ಸ್ ಹಾಗೆ ಹಾಡಲು ಬರುತ್ತದೆಯೇ?

ಆ ಪ್ರಶ್ನೆಗೆ ಉತ್ತರ ಒಂದೇ ದಿನದಲ್ಲಿ ಸಿಗಲಿಲ್ಲ. 1955ರ ‘ವೈ ಬೇಬಿ ವೈ’ ಗೆದ್ದಿತು, 1959ರ ‘ವೈಟ್ ಲೈಟ್ನಿಂಗ್’ ಮೊದಲ ಸ್ಥಾನಕ್ಕೆ ಹೋಯಿತು. ಎರಡೂ ಓಡುವ ಲಯದ, ಉತ್ಸಾಹದ ಹಾಡುಗಳು. ಎರಡರಲ್ಲೂ ಹ್ಯಾಂಕ್ ನೆರಳು ದಟ್ಟವಾಗಿದೆ. ಜೋನ್ಸ್ ತಮ್ಮದೇ ಕಂಠ ಕಂಡುಕೊಂಡದ್ದು ಲಯ ನಿಧಾನವಾದಾಗ, ಹಾಡು ಮುರಿದ ಪ್ರೇಮದ ಕಡೆಗೆ ಹೊರಳಿದಾಗ.

ಇಲ್ಲಿ ಆ ಸೀಮೆಯ ಚರಿತ್ರೆ ಸ್ವಲ್ಪ ಬೇಕು. ಹಳೆಯ ಗುಡ್ಡಗಾಡಿನ ಹಾಡುಗಳಲ್ಲಿ ತಾಯಿ, ತವರು, ದೇವರು, ರೈಲು ಅಪಘಾತ, ಕೊಲೆಯ ಕಥೆ ಎಲ್ಲವೂ ಇದ್ದವು. ಮುರಿದ ಮದುವೆ ಅಷ್ಟಾಗಿ ಇರಲಿಲ್ಲ. ಬೋಮಾಂಟ್ ಬಳಿಯ ಸ್ಪಿಂಡಲ್‌ಟಾಪ್‌ನಲ್ಲಿ 1901ರಲ್ಲಿ ಎಣ್ಣೆ ಚಿಮ್ಮಿತು. ಮುಂದಿನ ದಶಕಗಳಲ್ಲಿ ಹೊಲ ಬಿಟ್ಟ ಯುವಕರು ಎಣ್ಣೆ ಬಾವಿಗಳಿಗೆ, ಹಡಗು ಕಟ್ಟುವ ಕಾರ್ಖಾನೆಗಳಿಗೆ ಬಂದು ಸೇರಿದರು. ಕೈಯಲ್ಲಿ ಸಂಬಳವಿತ್ತು, ಊರಿನ ಕಣ್ಗಾವಲು, ಬಂಧುಬಳಗದ ಆಸರೆ ಎರಡೂ ಇರಲಿಲ್ಲ. 1933ರಲ್ಲಿ ಪಾನನಿಷೇಧ ತೆರವಾದ ಮೇಲೆ ಹೆದ್ದಾರಿಗಳ ಬದಿಯಲ್ಲಿ ಹಾಂಕಿ ಟಾಂಕ್ ಎನ್ನುವ ಕುಡಿತದ ತಾಣಗಳು ತಲೆಯೆತ್ತಿದವು. ಒಳಗೆ ಬಿಯರ್, ಕುಣಿಯಲು ಒಂದಿಷ್ಟು ಜಾಗ, ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್. ಆ ಗದ್ದಲದಲ್ಲಿ ಕೇಳಿಸಬೇಕಾದರೆ ಗಿಟಾರ್‌ಗೆ ವಿದ್ಯುತ್ತಿನ ಬಲ ಬೇಕು. ಅಲ್ಲಿ ಕುಳಿತವನಿಗೆ ತಟ್ಟಬೇಕಾದರೆ ಹಾಡು ಅವನ ಬದುಕಿನದೇ ಆಗಿರಬೇಕು. ಯುದ್ಧಕ್ಕೆ ಹೋಗಿ ಬಂದವನ ಮನೆಯಲ್ಲಿ ಹೆಂಡತಿ ಅಪರಿಚಿತಳಾಗಿದ್ದಾಳೆ. ಕಾರ್ಖಾನೆಯಲ್ಲಿ ದುಡಿದ ಹೆಂಗಸಿಗೆ ಹಳೆಯ ಗಂಡ ಬೇಡವಾಗಿದ್ದಾನೆ. ಚರ್ಚು ಈ ವಿಷಯ ಎತ್ತಿದರೆ ಪಾಪವೆನ್ನುತ್ತಿತ್ತು. ಜೂಕ್‌ಬಾಕ್ಸ್ ಮಾತ್ರ ತೀರ್ಪು ಕೊಡದೆ ಅದನ್ನೇ ಹಾಡುತ್ತಿತ್ತು. ಜೋನ್ಸ್ ಕಂಠ ಪಳಗಿದ್ದು ಇಂಥ ತಾಣಗಳಲ್ಲೇ.

ಅಳುವ ದನಿಯ ಸ್ಟೀಲ್ ಗಿಟಾರ್ ಕೂಡ ಈ ಕೋಣೆಗಳಿಂದಲೇ ಕಂಟ್ರಿಯ ಗುರುತಾಯಿತು. ತಂತಿಗಳ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಈ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹವಾಯಿ ದ್ವೀಪಗಳಲ್ಲಿ ಹುಟ್ಟಿತು. 1950ರ ದಶಕದಲ್ಲಿ ಅದಕ್ಕೆ ಕಾಲಿನಿಂದ ಒತ್ತುವ ಪೆಡಲ್ ಸೇರಿ, ಕೆಲವು ತಂತಿಗಳು ನಿಂತ ಸ್ವರದಲ್ಲಿರುವಾಗಲೇ ಒಂದು ತಂತಿ ಮೆಲ್ಲಗೆ ಬಾಗಿ ಏರುವಂತಾಯಿತು. ಅದೇ ಹವಾಯಿ ಗಿಟಾರ್ ಭಾರತಕ್ಕೂ ಬಂದಿತು. ಬೃಜ್ ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮಾ ಅವರ ಸಂತೂರ್ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನೊಂದಿಗೆ ಕೇಳುವ ಗಿಟಾರ್ ಅವರದು. ಅದನ್ನು ಪ್ರೀತಿಸಿದ ಕಿವಿಗೆ ಜೋನ್ಸ್ ಹಾಡಿನ ಹಿಂದಿನ ಸ್ಟೀಲ್ ಗಿಟಾರ್ ಪರಕೀಯವೆನಿಸಲಾರದು.

ಇನ್ನು ಹಾಡಿನ ಕಟ್ಟಣೆ. ಕಂಟ್ರಿ ಹಾಡಿಗೆ ಬೇಕಾದದ್ದು ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮತ್ತು ಸತ್ಯ ಎಂದು ಗೀತರಚನಕಾರ ಹಾರ್ಲನ್ ಹೋವರ್ಡ್ ಹೇಳಿದ್ದುಂಟು. ಸಂಗೀತದ ಚೌಕಟ್ಟು ಸರಳವಾಗಿದ್ದಷ್ಟೂ ಭಾರವೆಲ್ಲ ಮಾತಿನ ಮೇಲೆ ಬೀಳುತ್ತದೆ. ಒಳ್ಳೆಯ ವಿರಹಗೀತೆ ‘ನನಗೆ ನೋವಾಗಿದೆ’ ಎಂದು ಹೇಳುವುದೇ ಇಲ್ಲ. 1962ರ ‘ಶಿ ಥಿಂಕ್ಸ್ ಐ ಸ್ಟಿಲ್ ಕೇರ್’ ನೋಡಿ. ಅವಳ ಬಗ್ಗೆ ಗೆಳೆಯನೊಬ್ಬನನ್ನು ವಿಚಾರಿಸಿದೆ, ಎಲ್ಲೋ ಅವಳ ಹೆಸರೆತ್ತಿದೆ, ತಪ್ಪಿ ಅವಳ ನಂಬರಿಗೆ ಫೋನ್ ಮಾಡಿದೆ. ಅಷ್ಟಕ್ಕೇ ಅವಳು ನನಗಿನ್ನೂ ಅವಳ ಮೇಲೆ ಮನಸ್ಸಿದೆ ಎಂದುಕೊಂಡಿದ್ದಾಳೆ ಎನ್ನುತ್ತಾನೆ ಹಾಡುವವನು. ಅವನು ಅಲ್ಲಗಳೆಯುತ್ತ ಹೋದ ಹಾಗೆ ಕೇಳುವವರಿಗೆ ನಿಜ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮ ಕಾವ್ಯಮೀಮಾಂಸೆ ಧ್ವನಿ ಎಂದು ಕರೆದದ್ದು ಇದನ್ನೇ.

1970ರ ‘ಎ ಗುಡ್ ಇಯರ್ ಫಾರ್ ದ ರೋಸಸ್’ ಹಾಡನ್ನು ಇನ್ನೂ ಹತ್ತಿರದಿಂದ ನೋಡಬೇಕು. ಜೆರಿ ಚೆಸ್ನಟ್ ಬರೆದ ಈ ಹಾಡಿನಲ್ಲಿ ಹೆಂಡತಿ ಬಿಟ್ಟುಹೋಗುತ್ತಿದ್ದಾಳೆ. ಗಂಡನ ಕಣ್ಣಿಗೆ ಬೀಳುವುದೇನು? ಆಶ್‌ಟ್ರೇಯಲ್ಲಿ ಲಿಪ್‌ಸ್ಟಿಕ್ ಗುರುತಿರುವ ಸಿಗರೇಟು ತುಂಡುಗಳು. ಅವಳು ಸುರಿದಿಟ್ಟು ಕುಡಿಯದೆ ಬಿಟ್ಟ ಅರ್ಧ ಕಪ್ ಕಾಫಿ. ಅಂಗಳದ ಹುಲ್ಲು ಬೆಳೆದಿದೆ, ಕತ್ತರಿಸಬೇಕು. ಗುಲಾಬಿ ಮಾತ್ರ ಈ ವರ್ಷ ಚೆನ್ನಾಗಿ ಬಿಟ್ಟಿದೆ. ಆಡಬೇಕಾದ ಒಂದು ಮಾತನ್ನು ಆಡಲಾರದವನು ಗಿಡದ ಬಗ್ಗೆ ಮಾತನಾಡುತ್ತಾನೆ. ಸಾವಿನ ಮನೆಯಲ್ಲಿ ಮಳೆ ಬೆಳೆಯ ವಿಷಯ ಮಾತನಾಡುವ ಹಿರಿಯರನ್ನು ನೋಡಿದವರಿಗೆ ಈ ಮನುಷ್ಯ ಯಾರೆಂದು ವಿವರಿಸಬೇಕಿಲ್ಲ. ಜೋನ್ಸ್ ಇದನ್ನು ಅತ್ತು ಹಾಡುವುದಿಲ್ಲ. ದವಡೆ ಬಿಗಿಹಿಡಿದು, ಬಾಯಿಯನ್ನು ಹೆಚ್ಚು ತೆರೆಯದೆ ಹಾಡುವುದು ಅವರ ರೂಢಿ. ದನಿ ಹೊರಬರಲು ಜಾಗವಿಲ್ಲದೆ ಒಳಗೇ ಒತ್ತಿಕೊಂಡು ಬರುತ್ತದೆ. ಸ್ವರವನ್ನು ಕೆಳಗಿನಿಂದ ಹಿಡಿದು ಮೇಲಕ್ಕೆ ತರುತ್ತಾರೆ, ಮುಟ್ಟಿದ ಕೂಡಲೇ ಬಗ್ಗಿಸುತ್ತಾರೆ, ಸಾಲಿನ ಕೊನೆಗೆ ಮಂದ್ರಕ್ಕೆ ಇಳಿದು ಬಿಡುತ್ತಾರೆ. ಬಗ್ಗಿಸುವುದು ಲೆಫ್ಟಿಯದು, ನೇರ ಮಾತು ಹ್ಯಾಂಕ್‌ರದು, ಮೇಲಕ್ಕೆ ಹೋದಾಗಿನ ಆ ಬಿಚ್ಚುದನಿ ಎಕಫ್‌ರದು. ತಡೆದು ಹಿಡಿಯುವ ಆ ಬಿಗಿ ಮಾತ್ರ ಯಾರಿಂದಲೂ ಬಂದದ್ದಲ್ಲ. ಅಮಲಿನ ಅಪ್ಪನ ಮುಂದೆ ನಿಂತು ಹಾಡಿದ ಹುಡುಗನಿಗೆ ಆ ಬಿಗಿ ಎಲ್ಲಿಂದ ಬಂತು ಎಂದು ನಾನು ಊಹಿಸಬಲ್ಲೆ, ಸಾಧಿಸಿ ತೋರಿಸಲಾರೆ.

1974ರ ‘ದ ಗ್ರ್ಯಾಂಡ್ ಟೂರ್’ ಇದೇ ಜಾಡಿನದು. ಅಪರಿಚಿತನೊಬ್ಬನನ್ನು ಒಳಗೆ ಕರೆದು ಮನೆ ತೋರಿಸುತ್ತಾನೆ ಗಂಡ: ಇದು ಕುರ್ಚಿ, ಇದು ಮಂಚ, ಇದು ಮಗುವಿನ ಕೋಣೆ. ಹೆಂಡತಿ ಮಗುವನ್ನು ಕರೆದುಕೊಂಡು ಹೋಗಿರುವುದು ಆ ಕೊನೆಯ ಕೋಣೆಗೆ ಬಂದಾಗಲೇ ತಿಳಿಯುವುದು. ಇದನ್ನು ಬರೆದ ಮೂವರಲ್ಲಿ ಜಾರ್ಜ್ ರಿಚಿ ಒಬ್ಬರು. ಜೋನ್ಸ್ ಅವರ ಮೂರನೆಯ ಹೆಂಡತಿ, ಸ್ವತಃ ದೊಡ್ಡ ಗಾಯಕಿಯಾದ ಟ್ಯಾಮಿ ವೈನೆಟ್, 1975ರಲ್ಲಿ ಜೋನ್ಸ್‌ರಿಂದ ಬೇರೆಯಾದರು. 1978ರಲ್ಲಿ ಮದುವೆಯಾದದ್ದು ಇದೇ ರಿಚಿಯವರನ್ನು. ವಿಚ್ಛೇದನದ ಮರುವರ್ಷವೇ ಜೋನ್ಸ್ ಮತ್ತು ವೈನೆಟ್ ಜೊತೆಯಾಗಿ ಹಾಡಿದ ‘ಗೋಲ್ಡನ್ ರಿಂಗ್’ ಮೊದಲ ಸ್ಥಾನಕ್ಕೆ ಏರಿತು. ಗಿರವಿ ಅಂಗಡಿಯಲ್ಲಿ ಕೊಂಡ ಮದುವೆಯ ಉಂಗುರ ಕೊನೆಗೆ ಮತ್ತೆ ಗಿರವಿ ಅಂಗಡಿಗೇ ಮರಳುವ ಕಥೆ. ಬದುಕಿಗೂ ಹಾಡಿಗೂ ಸಂಬಂಧವೇ ಇಲ್ಲವೆಂದು ನಾನೂ ಹೇಳುತ್ತಿಲ್ಲ. ಆದರೆ ಈ ದೊಡ್ಡ ವಿರಹಗೀತೆಗಳಲ್ಲಿ ಒಂದನ್ನೂ ಜೋನ್ಸ್ ಬರೆದಿಲ್ಲ ಎಂಬುದು ನೆನಪಿರಲಿ. ಬೇರೆಯವರು ಹೊಸೆದ ಕಥೆಯನ್ನು ತಮ್ಮದೆಂದು ನಂಬಿಸಿದ್ದು ಅವರ ಕಲೆ.

‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಅವರಿಗೆ ಮೊದಲು ಹಿಡಿಸಲೇ ಇಲ್ಲ. ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪಟ್ಮನ್ ಬರೆದ ಹಾಡು. ಇದೇ ಜೋಡಿ 1968ರಲ್ಲಿ ವೈನೆಟ್ ಅವರಿಗೆ ವಿಚ್ಛೇದನದ ಮೇಲೊಂದು ಪ್ರಸಿದ್ಧ ಹಾಡು ಬರೆದುಕೊಟ್ಟಿತ್ತು. ಸಾಯುವವರೆಗೂ ಪ್ರೀತಿಸುತ್ತೇನೆ ಎಂದು ಒಬ್ಬ ಹೇಳಿದ್ದ. ಅವಳ ಚಿತ್ರ ಗೋಡೆಯ ಮೇಲಿದೆ. ಹಾಸಿಗೆಯ ಪಕ್ಕದಲ್ಲಿ 1962ರ ಕಾಗದಗಳಿವೆ, ಅವುಗಳಲ್ಲಿ ಪ್ರೀತಿಯ ಮಾತು ಇರುವ ಕಡೆಯೆಲ್ಲ ಕೆಂಪು ಗೆರೆ ಎಳೆದಿದೆ. ಇವತ್ತು ಅವನು ಅವಳನ್ನು ಪ್ರೀತಿಸುವುದನ್ನು ನಿಲ್ಲಿಸಿದ. ಬಾಗಿಲಿಗೆ ಹೂವಿನ ಚಕ್ರ ತೂಗುಹಾಕಿದ್ದಾರೆ, ಇನ್ನೇನು ಹೊತ್ತುಕೊಂಡು ಹೋಗುತ್ತಾರೆ. ಹಾಡಿನ ಹೆಸರಿನಲ್ಲೇ ಇದ್ದ ಸುದ್ದಿ ಅರ್ಧ ಹಾಡಿನಲ್ಲಿ ತನ್ನ ನಿಜವಾದ ಅರ್ಥವನ್ನು ತೋರುತ್ತದೆ. ಮತ್ತೆ ಕೂಡುವ ಆಸೆ ಉಳಿದಿರುವ ತನಕ ವಿಪ್ರಲಂಭ ಶೃಂಗಾರ, ಆಸೆ ಕಡಿದಲ್ಲಿಂದ ಕರುಣ ಎಂದು ನಮ್ಮ ಆಲಂಕಾರಿಕರು ಗೆರೆ ಎಳೆದಿದ್ದರು. ಈ ಹಾಡು ಒಂದೇ ಸಾಲಿನಲ್ಲಿ ಆ ಗೆರೆಯನ್ನು ದಾಟುತ್ತದೆ.

ಇಷ್ಟೊಂದು ಸಾವಿನ ಛಾಯೆಯಿರುವ ಹಾಡನ್ನು ಯಾರೂ ಕೊಳ್ಳುವುದಿಲ್ಲ ಎಂದು ಜೋನ್ಸ್ ವಾದಿಸಿದರು. ನಿರ್ಮಾಪಕ ಬಿಲಿ ಶೆರಿಲ್ ಬಿಡಲಿಲ್ಲ. ಅವರು ಕವಿಗಳಿಂದ ಹಾಡನ್ನು ಮತ್ತೆ ಮತ್ತೆ ತಿದ್ದಿಸಿದರು. ಆ ಹೆಂಗಸು ಕೊನೆಯ ಸಲ ಅವನನ್ನು ನೋಡಲು ಬರುವ ಭಾಗವನ್ನು ಹಟ ಹಿಡಿದು ಸೇರಿಸಿದರು. ಜೋನ್ಸ್ ಆಗ ಕುಡಿತ ಮತ್ತು ಕೊಕೇನಿನ ಪಾತಾಳದಲ್ಲಿದ್ದರು. ಹಾಡತೊಡಗಿದರೆ ಮಟ್ಟು ತಪ್ಪಿ ಕ್ರಿಸ್ ಕ್ರಿಸ್ಟಾಫರ್ಸನ್ ಅವರ ಬೇರೊಂದು ಹಾಡಿನೊಳಕ್ಕೆ ಜಾರುತ್ತಿದ್ದರು. ಹಾಡುವಾಗ ಸ್ಪಷ್ಟವಾಗಿರುತ್ತಿದ್ದ ನಾಲಿಗೆ ಮಾತಿನಲ್ಲಿ ತೊದಲುತ್ತಿತ್ತು. ನಡುವೆ ಬರುವ ನಾಲ್ಕು ಸಾಲು ಮಾತನ್ನು ಪಡೆಯಲು ಮುದ್ರಣ ಶುರುವಾದಂದಿನಿಂದ ಹದಿನೆಂಟು ತಿಂಗಳು ಹಿಡಿಯಿತು ಎಂದು ಶೆರಿಲ್ ಹೇಳಿದ್ದಾರೆ. ಕುಡಿತದಿಂದ ಕಲೆ ಅರಳುತ್ತದೆ ಎನ್ನುವವರು ಈ ಹದಿನೆಂಟು ತಿಂಗಳನ್ನು ಗಮನಿಸಲಿ: ಕುಡಿತ ಈ ಹಾಡಿಗೆ ಅಡ್ಡಿಯಾಗಿತ್ತು, ಅಷ್ಟೇ.

ಹಾಡು 1980ರಲ್ಲಿ ಹೊರಬಂದು ಮೊದಲ ಸ್ಥಾನಕ್ಕೆ ಹೋಯಿತು, ಜೋನ್ಸ್‌ಗೆ ಗ್ರ್ಯಾಮಿ ತಂದಿತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ 1980 ಮತ್ತು 1981, ಎರಡು ವರ್ಷವೂ ಇದನ್ನೇ ವರ್ಷದ ಹಾಡೆಂದು ಆರಿಸಿತು. ಕೇಳುವಾಗ ಶೆರಿಲ್ ಕಟ್ಟಿದ ವಾದ್ಯಗಳ ಮೆಟ್ಟಿಲುಗಳನ್ನು ಗಮನಿಸಿ. ಮೊದಲ ಸಾಲುಗಳಲ್ಲಿ ವಾದ್ಯಗಳು ಹೆಸರಿಗೆ ಮಾತ್ರ, ಜೋನ್ಸ್ ಊರಿನ ಯಾರದೋ ಸುದ್ದಿ ಹೇಳುವ ದನಿಯಲ್ಲಿದ್ದಾರೆ. ಪಲ್ಲವಿ ಬಂದಾಗ ಪಿಟೀಲುಗಳ ಮೇಳ ಏರುತ್ತದೆ. ಮಾತಿನ ಭಾಗದಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ ತಾರಸ್ಥಾಯಿಯಲ್ಲಿ ಪದವಿಲ್ಲದೆ ತೇಲಿ ಬರುತ್ತದೆ. ಇಷ್ಟು ಅಬ್ಬರವಿದ್ದರೆ ಬೇರೆ ಗಾಯಕರು ತಾವೂ ಅಬ್ಬರಿಸುತ್ತಿದ್ದರು. ಜೋನ್ಸ್ ಸುದ್ದಿ ಹೇಳುವವನ ಜಾಗದಿಂದ ಕದಲುವುದಿಲ್ಲ.

1999ರ ಮಾರ್ಚ್‌ನಲ್ಲಿ ಅವರ ಕಾರು ಸೇತುವೆಗೆ ಡಿಕ್ಕಿ ಹೊಡೆಯಿತು; ಸಾವಿನ ಬಾಗಿಲಿನಿಂದ ಹಿಂತಿರುಗಿ ಬಂದ ಮೇಲೆ ಕುಡಿತ ಬಿಟ್ಟರು. ನಾಲ್ಕನೆಯ ಹೆಂಡತಿ ನ್ಯಾನ್ಸಿಯವರೊಂದಿಗಿನ ಸಂಸಾರ 1983ರಿಂದ ಕೊನೆಯ ತನಕ ನಡೆಯಿತು. 2013ರ ಏಪ್ರಿಲ್ 26ರಂದು ಎಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಳ್ಳುವ ತಿಂಗಳಲ್ಲೂ ವೇದಿಕೆ ಏರಿದ್ದರು, ಹಾಡಿದ್ದು ಇವೇ ಹಾಡುಗಳನ್ನು. ನೆಮ್ಮದಿಯ ಬದುಕಿನ ಆ ಹದಿನಾಲ್ಕು ವರ್ಷಗಳಲ್ಲಿ ವಿರಹದ ಹಾಡುಗಳ ಮೇಲಿನ ಅವರ ಪ್ರೀತಿ ಒಂದಿಷ್ಟೂ ತಗ್ಗಲಿಲ್ಲ.

ಹೊಸದಾಗಿ ಕೇಳುವವರು ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ಯಿಂದ ಶುರುಮಾಡಬೇಡಿ, ಅದರ ಪಿಟೀಲುಗಳು ಅಭ್ಯಾಸವಿಲ್ಲದ ಕಿವಿಗೆ ಅತಿಯೆನಿಸಬಹುದು. ಮೊದಲು ‘ಶಿ ಥಿಂಕ್ಸ್ ಐ ಸ್ಟಿಲ್ ಕೇರ್’, ಆಮೇಲೆ ಗುಲಾಬಿಯ ಹಾಡು, ಆಮೇಲೆ ‘ದ ಗ್ರ್ಯಾಂಡ್ ಟೂರ್’. ಇವು ಹಿಡಿಸಿದರೆ ಲೆಫ್ಟಿ ಫ್ರಿಜೆಲ್ ಅವರ 1951ರ ‘ಆಲ್ವೇಸ್ ಲೇಟ್’ ಹುಡುಕಿ. ಆರಂಭದಲ್ಲೇ ಲೆಫ್ಟಿ ಆ ‘ಆಲ್ವೇಸ್’ ಎಂಬ ಪದವನ್ನು ಎಷ್ಟು ಮಡಿಕೆ ಮಾಡಿ ಬಿಚ್ಚುತ್ತಾರೆಂದು ಕೇಳಿ, ಹಿಂದೆಯೇ ಜೋನ್ಸ್‌ರ ಯಾವುದೇ ನಿಧಾನದ ಹಾಡನ್ನು ಮತ್ತೊಮ್ಮೆ ಹಾಕಿ, ಸಾಲಿನ ಕೊನೆಯ ಪದಕ್ಕೆ ಕಿವಿಗೊಡಿ.